ಕ್ಯಾಚ್ ಬಿಟ್ಟವನ ಮನೆಮಂದಿಗೆ ಯಾಕೆ ಬೈಗುಳ?

2017ರ ಜುಲೈ 23ರ ಸ್ಕೋರ್‌ಕಾರ್ಡನ್ನು ಒಮ್ಮೆ ತೆಗೆದು ನೋಡಿ. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ನಡೆದ ಮಹಿಳೆಯರ ವಿಶ್ವಕಪ್ ಫೈನಲ್ ಅದು. ಇಂಗ್ಲೆಂಡ್ 228 ರನ್ ಮಾಡಿತು. ಭಾರತ 219ಕ್ಕೆ ಆಲೌಟ್. ಬರೀ 9 ರನ್ನಿನಿಂದ ಕಪ್ ಕೈತಪ್ಪಿತು. ಕಟ್ಟಕಡೆಗೆ ಔಟಾದವರು ರಾಜೇಶ್ವರಿ ಗಾಯಕ್ವಾಡ್. ರನ್ ಸೊನ್ನೆ. ನಮ್ಮ ವಿಜಯಪುರದ ಹೆಣ್ಣುಮಗಳು.

ಈ ಒಂದೇ ಸಾಲು ಹಿಡಿದುಕೊಂಡರೆ ಬೈಯಲು ಬೇಕಾದಷ್ಟು ಸಿಗುತ್ತದೆ. "ಸೊನ್ನೆಗೆ ಔಟಾಗಿ ಕಪ್ ಕಳಕೊಟ್ಟಳು" ಅಂತ ಬರೆದು ಹತ್ತು ಗ್ರೂಪಿಗೆ ಹಾಕಲು ಅರ್ಧ ನಿಮಿಷ ಸಾಕು.

ಆದರೆ ಸ್ಕೋರ್‌ಕಾರ್ಡ್ ಪೂರ್ತಿ ಓದಿದರೆ ಬೇರೆಯೇ ಕತೆ ಇದೆ. ಭಾರತ ಒಂದು ಹಂತದಲ್ಲಿ 3 ವಿಕೆಟಿಗೆ 191 ಇತ್ತು. ಅಲ್ಲಿಂದ ಉಳಿದ 7 ವಿಕೆಟ್ ಬಿದ್ದದ್ದು ಬರೀ 28 ರನ್ನಿನಲ್ಲಿ. ಇಂಗ್ಲೆಂಡಿನ ಆನ್ಯಾ ಶ್ರಬ್‌ಸೋಲ್ 46 ರನ್ನಿಗೆ 6 ವಿಕೆಟ್ ತೆಗೆದರು. ರಾಜೇಶ್ವರಿ ತಂಡದ ಬೌಲರ್. ಬ್ಯಾಟು ಹಿಡಿದು ಬಂದದ್ದು ಕೊನೆಯವರಾಗಿ, ಉಳಿದವರೆಲ್ಲ ಹೋದ ಮೇಲೆ. ಅದೇ ಪಂದ್ಯದಲ್ಲಿ ಇಂಗ್ಲೆಂಡಿನ ಮೊದಲ ವಿಕೆಟ್ ಕಿತ್ತವರೂ ಅವರೇ. ಅದಕ್ಕೂ ಎಂಟು ದಿನ ಮೊದಲು, ಜುಲೈ 15ರಂದು, ಡರ್ಬಿಯಲ್ಲಿ ನ್ಯೂಜಿಲೆಂಡ್ ಮೇಲೆ ಗೆಲ್ಲಲೇಬೇಕಾದ ಪಂದ್ಯವಿತ್ತು. ಅವತ್ತು ಅವರು 15 ರನ್ನಿಗೆ 5 ವಿಕೆಟ್ ತೆಗೆದು ಎದುರಾಳಿಯನ್ನು 79ಕ್ಕೆ ಕಟ್ಟಿಹಾಕಿದ್ದರು. ಆ ಪಂದ್ಯ ಗೆದ್ದದ್ದಕ್ಕೇ ಭಾರತ ಸೆಮಿಫೈನಲ್ ಕಂಡಿತು.

ಸೋತ ಪಂದ್ಯವನ್ನು ಓದುವ ದಾರಿ ಎರಡು. ಒಂದು, ಕೊನೆಯ ಸಾಲು ನೋಡಿ ಒಬ್ಬರ ತಲೆಗೆ ಎಲ್ಲವನ್ನೂ ಕಟ್ಟುವುದು. ಇನ್ನೊಂದು, ಮೊದಲಿನಿಂದ ಕೊನೆಯವರೆಗೆ ಏನಾಯಿತು ಅಂತ ನೋಡುವುದು. ಮೊಬೈಲು ಕೈಗೆ ಬಂದ ಮೇಲೆ ನಾವು ಹೆಚ್ಚಾಗಿ ಮೊದಲನೇ ದಾರಿಯನ್ನೇ ಹಿಡಿದಿದ್ದೇವೆ. ಅದರ ಬೆಲೆ ತೆರುವವರು ಯಾರು ಎಂಬುದೇ ನನ್ನ ಪ್ರಶ್ನೆ.

ಚಹಾದಂಗಡಿಯ ಮಾತು, ಗ್ರೂಪಿನ ಮಾತು

ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಮ್ಯಾಚಿನ ಮರುದಿನ ಬೆಳಿಗ್ಗೆ ಯಾವುದೇ ಚಹಾದಂಗಡಿ ಮುಂದೆ ನಿಂತು ನೋಡಿ. ಟಿಕೋಟಾದಿಂದ ಸಂತಿಗೆ ಬಂದವರು, ಬಬಲೇಶ್ವರದಿಂದ ದವಾಖಾನೆಗೆ ಬಂದವರು, ರೈಲಿಗೆ ಕಾಯುವವರು, ಕಾಲೇಜು ಹುಡುಗರು ಎಲ್ಲ ಸೇರಿರುತ್ತಾರೆ. ಕೊಹ್ಲಿ ಮೇಲೋ ಧೋನಿ ಮೇಲೋ ಎಂಬ ವಾದ ಜೋರಾಗಿಯೇ ನಡೆಯುತ್ತದೆ. ಆದರೆ ಯಾರಾದರೂ ನಾಲಿಗೆ ಹರಿಬಿಟ್ಟರೆ, ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಕಪ್ಪು ಕೆಳಗಿಟ್ಟು, "ಏ ತಮ್ಮಾ, ಆಟದ್ದು ಮಾತಾಡು. ಅವನ ಮನೀ ಮಾತು ನಿನಗ್ಯಾಕ?" ಅನ್ನುತ್ತಾರೆ. ಹುಡುಗ ಸುಮ್ಮನಾಗುತ್ತಾನೆ. ಬಸ್ಸಿಗೆ ಹೊತ್ತಾಗುತ್ತದೆ. ಎಲ್ಲರೂ ಎದ್ದು ಹೋಗುತ್ತಾರೆ.

ಗ್ರೂಪಿನಲ್ಲಿ ಆ ಕಾಕಾ ಇಲ್ಲ. ಇದ್ದರೂ ಮಾತಾಡುವುದಿಲ್ಲ. ಎದುರಿನವನ ಮುಖ ಕಾಣುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಬರೆದ ಒಂದು ಕೆಟ್ಟ ಮಾತು ಬೆಳಗಾಗುವುದರೊಳಗೆ ಮೂರು ಊರು ತಿರುಗಿರುತ್ತದೆ. ಅದೇ ಸ್ಟೇಷನ್ ರಸ್ತೆಯ ಗೋಳಗುಮ್ಮಟದ ಒಳಗೆ ಹತ್ತಿ ಒಂದು ಸಲ ಕೂಗಿದರೆ ಅದು ಮತ್ತೆ ಮತ್ತೆ ಕೇಳುತ್ತದೆ ಅಂತ ನಮಗೆ ಚಿಕ್ಕಂದಿನಿಂದ ಗೊತ್ತು. ಫಾರ್ವರ್ಡ್ ಆಗುವ ಬೈಗುಳವೂ ಹಾಗೆಯೇ. ಒಂದು ವ್ಯತ್ಯಾಸ: ಗುಮ್ಮಟದ ದನಿ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ, ಮೊಬೈಲಿನ ಸ್ಕ್ರೀನ್‌ಶಾಟ್ ನಿಲ್ಲುವುದಿಲ್ಲ.

ಎದುರೆದುರು ಕೂತರೆ ಎಲ್ಲ ಸರಿ ಅಂತ ಹೇಳುತ್ತಿಲ್ಲ. ನಮ್ಮ ಗಡಿಯಾಚೆಯ ಕೊಲ್ಹಾಪುರ ಜಿಲ್ಲೆಯ ಹಣಮಂತವಾಡಿಯಲ್ಲಿ 2024ರ ಮಾರ್ಚಿನಲ್ಲಿ ಊರಿನವರು ಕೂಡಿ ಐಪಿಎಲ್ ಪಂದ್ಯ ನೋಡುತ್ತಿದ್ದರು. ರೋಹಿತ್ ಶರ್ಮಾ ಔಟಾದದ್ದಕ್ಕೆ ಅರವತ್ತು ದಾಟಿದ ರೈತರೊಬ್ಬರು ಖುಷಿಪಟ್ಟು ಮಾತಾಡಿದರು. ಅದಕ್ಕೆ ಅದೇ ಊರಿನ ಇಬ್ಬರು ಹೊಡೆದರು. ಮೂರು ದಿನದಲ್ಲಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ರೋಹಿತ್ ಶರ್ಮಾಗೆ ಆ ಊರಿನ ಹೆಸರೂ ಗೊತ್ತಿರಲಿಕ್ಕಿಲ್ಲ. ಮಾತು ಹದ ತಪ್ಪಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ನಮ್ಮವರ ಕೆಲಸವನ್ನೂ ನೋಡೋಣ

ಬೇರೆಯವರನ್ನು ದೂರುವ ಮೊದಲು ನಮ್ಮ ಕಡೆಯದ್ದೂ ಹೇಳಬೇಕು. ಆರ್‌ಸಿಬಿ ಅಂದರೆ ನಮ್ಮ ಊರುಗಳಲ್ಲಿ ಹಬ್ಬ. ಆದರೆ ಆರ್‌ಸಿಬಿ ಅಭಿಮಾನಿಗಳು ಎನ್ನಿಸಿಕೊಂಡ ಕೆಲವರು ಮಾಡಿದ್ದು ತಲೆತಗ್ಗಿಸುವಂಥದ್ದು.

2021ರ ಅಕ್ಟೋಬರ್ 11ರಂದು ಶಾರ್ಜಾದಲ್ಲಿ ಕೋಲ್ಕತ್ತಾ ವಿರುದ್ಧ ಎಲಿಮಿನೇಟರ್ ಪಂದ್ಯ. ಡ್ಯಾನ್ ಕ್ರಿಶ್ಚಿಯನ್ ಹಾಕಿದ ಒಂದು ಓವರಿನಲ್ಲಿ ಸುನಿಲ್ ನರೈನ್ ಮೂರು ಸಿಕ್ಸರ್ ಹೊಡೆದರು. ಆರ್‌ಸಿಬಿ ಸೋತಿತು. ಆ ರಾತ್ರಿ ಕ್ರಿಶ್ಚಿಯನ್ ಜೊತೆಗಾತಿಯ ಇನ್‌ಸ್ಟಾಗ್ರಾಮ್ ಪುಟಕ್ಕೆ ಹೋಗಿ ಹೊಲಸು ಹೊಲಸಾಗಿ ಬರೆದರು. ಆಕೆ ಆಗ ಗರ್ಭಿಣಿ. ನಾನು ಚೆನ್ನಾಗಿ ಆಡಲಿಲ್ಲ, ಆಟದಲ್ಲಿ ಅದು ಆಗುತ್ತದೆ, ಅವಳನ್ನು ಬಿಟ್ಟುಬಿಡಿ ಎಂಬ ಅರ್ಥದಲ್ಲಿ ಕ್ರಿಶ್ಚಿಯನ್ ಕೇಳಿಕೊಳ್ಳಬೇಕಾಯಿತು. ಗ್ಲೆನ್ ಮ್ಯಾಕ್ಸ್‌ವೆಲ್ ಕೂಡ ಈ ಬೈಗುಳದ ವಿರುದ್ಧ ಬರೆದರು.

2023ರ ಮೇ 21ರಂದು ಬೆಂಗಳೂರಿನ ಚಿನ್ನಸ್ವಾಮಿಯಲ್ಲಿ ಕೊಹ್ಲಿ ಶತಕ ಹೊಡೆದರು. ಗುಜರಾತಿನ ಶುಭಮನ್ ಗಿಲ್ ಕೂಡ ಶತಕ ಹೊಡೆದು ಪಂದ್ಯ ಗೆಲ್ಲಿಸಿದರು. ಆರ್‌ಸಿಬಿ ಹೊರಬಿತ್ತು. ಬೈಗುಳ ಬಿದ್ದದ್ದು ಗಿಲ್ ಮೇಲೆ ಮಾತ್ರವಲ್ಲ, ಅವರ ಸಹೋದರಿಯ ಮೇಲೂ. ಸಹೋದರ ಶತಕ ಹೊಡೆದದ್ದಕ್ಕೆ ಸಹೋದರಿಯನ್ನು ಬೈಯುವುದು ಯಾವ ಊರಿನ ನ್ಯಾಯ?

ಭಾರತ ತಂಡಕ್ಕೂ ಇದೇ ಪಾಡು. 2021ರ ಅಕ್ಟೋಬರ್ 24ರಂದು ದುಬೈನಲ್ಲಿ ಪಾಕಿಸ್ತಾನದ ಎದುರು 10 ವಿಕೆಟ್‌ಗಳಿಂದ ಸೋತಾಗ ಇಡೀ ತಂಡ ಸೋತಿತ್ತು. ಆದರೆ ಮೊಹಮ್ಮದ್ ಶಮಿಯನ್ನು ಹೆಕ್ಕಿ ಅವರ ಧರ್ಮ ಹಿಡಿದು ಬೈದರು. ನಾಯಕ ಕೊಹ್ಲಿ ಪತ್ರಿಕಾಗೋಷ್ಠಿಯಲ್ಲಿ ಶಮಿ ಪರ ಗಟ್ಟಿಯಾಗಿ ನಿಂತರು. ಅದಕ್ಕೆ ಕೊಹ್ಲಿಯ ಹಸುಗೂಸಿನ ಬಗ್ಗೆ ಬೆದರಿಕೆ ಹಾಕಿದರು. ಮುಂಬೈ ಪೊಲೀಸರು ಹೈದರಾಬಾದಿನ ಒಬ್ಬ ಯುವಕನನ್ನು ಬಂಧಿಸಬೇಕಾಯಿತು. 2022ರ ಸೆಪ್ಟೆಂಬರ್ 4ರಂದು ಏಷ್ಯಾ ಕಪ್‌ನಲ್ಲಿ ಅರ್ಷದೀಪ್ ಸಿಂಗ್ ಒಂದು ಕ್ಯಾಚ್ ಬಿಟ್ಟರು. 23 ವರ್ಷದ ಹುಡುಗನನ್ನು ದೇಶದ್ರೋಹಿ ಅಂದರು.

ದೊಡ್ಡವರು ಎದ್ದು ಬರುತ್ತಾರೆ, ನಮ್ಮ ಹುಡುಗರು?

ಇಂಥ ಕತೆ ಹೇಳುವಾಗ ಒಂದು ಮಾತನ್ನು ಸೇರಿಸುವುದು ರೂಢಿ. ನೋಡಿ, ಅದೇ ಶಮಿ 2023ರ ನವೆಂಬರ್ 15ರ ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಎದುರು 57 ರನ್ನಿಗೆ 7 ವಿಕೆಟ್ ತೆಗೆದರು. ಅದೇ ಅರ್ಷದೀಪ್ 2024ರ ಟಿ20 ವಿಶ್ವಕಪ್‌ನಲ್ಲಿ 17 ವಿಕೆಟ್ ತೆಗೆದು ಕಪ್ ತಂದರು. ಬೈದವರ ಬಾಯಿ ಮುಚ್ಚಿಸಿದರು.

ಮಾತು ನಿಜ. ಆದರೆ ಇದರಲ್ಲೊಂದು ತೊಡಕಿದೆ. 7 ವಿಕೆಟ್ ತೆಗೆಯದಿದ್ದರೆ ಬೈಗುಳ ಸರಿಯಾಗುತ್ತಿತ್ತೇ? ಮರ್ಯಾದೆಯನ್ನು ವಿಕೆಟ್ ಲೆಕ್ಕದಲ್ಲಿ ಗಳಿಸಬೇಕೇ?

ಇದಕ್ಕಿಂತ ದೊಡ್ಡ ತೊಡಕು ನಮ್ಮ ಊರಿನದು. ಶಮಿಗೆ ತಂಡವಿದೆ, ಪರವಾಗಿ ಮಾತಾಡುವ ನಾಯಕನಿದ್ದ, ದುಡ್ಡಿದೆ, ಮುಂದಿನ ಪಂದ್ಯವಿದೆ. ಟಿಕೋಟಾ ಕಡೆಯ ಒಬ್ಬ ಹುಡುಗನಿಗೆ ಏನಿದೆ? ಹಗಲೆಲ್ಲ ದ್ರಾಕ್ಷಿ ಪಡದಲ್ಲಿ ಕೆಲಸ ಮಾಡಿ, ಸಂಜೆ ಟೆನಿಸ್ ಬಾಲ್ ಟೂರ್ನಮೆಂಟ್ ಆಡುತ್ತಾನೆ. ಎಂಟ್ರಿ ಫೀಗೆ ತನ್ನ ಪಾಲಿನ ರೊಕ್ಕ ತಾನೇ ಹಾಕಿರುತ್ತಾನೆ. ಫೈನಲ್‌ನಲ್ಲಿ ಕ್ಯಾಚ್ ಬಿಡುತ್ತಾನೆ. ರಾತ್ರಿ ಊರಿನ ಗ್ರೂಪಿನಲ್ಲಿ ಅವನ ಫೋಟೊಗೆ ಮೀಮ್ ಮಾಡಿ ಹಾಕುತ್ತಾರೆ. ಮೊದಲು ನಗು. ಆಮೇಲೆ "ರೊಕ್ಕಾ ತಿಂದಾನ" ಎಂಬ ಆರೋಪ. ಆಮೇಲೆ ಜಾತಿ. ಆಮೇಲೆ ತಾಯಿ. ಅದೇ ಗ್ರೂಪಿನಲ್ಲಿ ಅವನ ಕಾಕಾ, ಮಾವ, ಶಾಲೆಯ ಮಾಸ್ತರು ಎಲ್ಲ ಇರುತ್ತಾರೆ.

ಅವನು 7 ವಿಕೆಟ್ ತೆಗೆದು ಉತ್ತರ ಕೊಡುವುದಿಲ್ಲ. ಮರುದಿನ ಮೈದಾನಕ್ಕೆ ಬರುವುದನ್ನೇ ಬಿಡುತ್ತಾನೆ. ಅದು ಯಾವ ಪೇಪರಿನಲ್ಲೂ ಸುದ್ದಿಯಾಗುವುದಿಲ್ಲ. ಊರಿನ ತಂಡಕ್ಕೆ ಒಬ್ಬ ಆಟಗಾರ ಕಡಿಮೆ, ಅಷ್ಟೇ.

ಹೆಣ್ಣುಮಕ್ಕಳದ್ದು ಇನ್ನೂ ಕಷ್ಟ. ವಿಜಯಪುರ ಸೈಕ್ಲಿಂಗಿಗೆ ಹೆಸರಾದ ಊರು. ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು ನಸುಕಿನಲ್ಲಿ ಎದ್ದು ಹೈವೇ ಮೇಲೆ ಸೈಕಲ್ ಹೊಡೆದು ಪದಕ ತರುತ್ತಾರೆ. ಕಬಡ್ಡಿ, ಖೋ ಖೋ ಆಡುವವರಿದ್ದಾರೆ. ಅಂಥ ಒಬ್ಬ ಹುಡುಗಿ ಗೆದ್ದ ಫೋಟೊ ಹಾಕಿದರೆ ಅವಳ ಟೈಮಿಂಗ್ ಎಷ್ಟು, ಎಷ್ಟು ರೇಡ್ ಪಾಯಿಂಟ್ ಎಂದು ಕೇಳುವವರು ಒಬ್ಬಿಬ್ಬರು. ಚಡ್ಡಿ ಎಷ್ಟು ಉದ್ದ ಇದೆ ಎಂದು ನೋಡುವವರು ಹತ್ತು ಮಂದಿ. ಆ ಒಂದು ಕಾಮೆಂಟನ್ನು ಯಾರೋ ಅವಳ ಅಪ್ಪನಿಗೆ ತೋರಿಸುತ್ತಾರೆ. "ಸಾಕವ್ವಾ ಆಟ, ಮನ್ಯಾಗ ಇರು" ಎಂಬ ಮಾತು ಬರುತ್ತದೆ. ಮನೆಯವರನ್ನು ಒಪ್ಪಿಸಲು ಪಿಟಿ ಮಾಸ್ತರು ಎರಡು ವರ್ಷ ತಿರುಗಿದ್ದು ಎರಡು ನಿಮಿಷದಲ್ಲಿ ನೀರುಪಾಲು.

2025ರ ಮಹಿಳೆಯರ ವಿಶ್ವಕಪ್ ನೆನಪಿಸಿಕೊಳ್ಳಿ. ಭಾರತ ಲೀಗ್ ಹಂತದಲ್ಲಿ ಸತತ ಮೂರು ಪಂದ್ಯ ಸೋತಾಗ, ಅಡುಗೆಮನೆಗೆ ಹೋಗಿ ಅಂತ ಬರೆದವರು ಕಡಿಮೆ ಇರಲಿಲ್ಲ. ನವೆಂಬರ್ 2ರಂದು ಅದೇ ತಂಡ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ಕಪ್ ಗೆದ್ದಿತು. ಆಗ ಅದೇ ಮೊಬೈಲುಗಳಲ್ಲಿ ಅಭಿನಂದನೆ. ಆದರೆ ಅಡುಗೆಮನೆಯ ಮಾತು ಓದಿದ ಹಳ್ಳಿಯ ಹುಡುಗಿಗೆ ಅದು ತನಗೇ ಹೇಳಿದ್ದು ಅನ್ನಿಸಿರುತ್ತದೆ. ಅವಳು ಕಪ್ ಗೆಲ್ಲುವವರೆಗೆ ಕಾಯುವ ತಾಳ್ಮೆ ಅವಳ ಮನೆಯಲ್ಲಿ ಇರಲೇಬೇಕೆಂದಿಲ್ಲ.

ಹಾಗಾದರೆ ಟೀಕೆ ಮಾಡಬಾರದೇ?

ಧಾರಾಳವಾಗಿ ಮಾಡಬೇಕು. ಟೀಕೆ ಇಲ್ಲದೆ ಆಟ ಸುಧಾರಿಸುವುದಿಲ್ಲ. "ಆಟ ಅಂದ್ರ ಜೋಶ್, ಕಿಚಾಯಿಸೂದು ಇಲ್ಲಂದ್ರ ಮಜಾ ಏನು?" ಅಂತ ಹುಡುಗರು ಕೇಳುತ್ತಾರೆ. ಅದೂ ಸರಿಯೇ. ಪಕ್ಕದ ಊರಿನ ತಂಡಕ್ಕೆ ಚೇಷ್ಟೆ ಮಾಡದ ಟೂರ್ನಮೆಂಟ್ ಉಪ್ಪಿಲ್ಲದ ಸಾರಿನಂತೆ. ಆದರೆ ಉಪ್ಪು ಹಾಕುವುದಕ್ಕೂ ವಿಷ ಹಾಕುವುದಕ್ಕೂ ಫರಕು ಇದೆ.

2023ರ ಫೆಬ್ರವರಿಯಲ್ಲಿ ಕೆ.ಎಲ್. ರಾಹುಲ್ ಟೆಸ್ಟ್ ಆಟದ ಬಗ್ಗೆ ವೆಂಕಟೇಶ ಪ್ರಸಾದ್ ಕಟುವಾಗಿ ಬರೆದರು. ಇಬ್ಬರೂ ಕರ್ನಾಟಕದವರೇ. ಎಂಟು ವರ್ಷ, 46 ಟೆಸ್ಟ್ ಆದ ಮೇಲೂ ಸರಾಸರಿ 34 ಅಂದರೆ ಸಾಧಾರಣ ಅಂತ ಅವರು ಲೆಕ್ಕ ಮುಂದಿಟ್ಟರು. ಬೇರೆ ಯಾರಿಗೆ ಅವಕಾಶ ಸಿಗಬೇಕು ಎಂದೂ ಹೇಳಿದರು. ಅವರ ಮಾತನ್ನು ಒಪ್ಪಬಹುದು, ಬಿಡಬಹುದು. ಬಹಳ ಮಂದಿ ಒಪ್ಪಲಿಲ್ಲ. ಆದರೆ ಅಲ್ಲಿ ವಾದ ಮಾಡಲು ಒಂದು ಅಂಕಿ ಇತ್ತು. ತಪ್ಪು ಅನ್ನಿಸಿದರೆ ಇನ್ನೊಂದು ಅಂಕಿ ತಂದು ಉತ್ತರ ಕೊಡಬಹುದಿತ್ತು. ಬೈಗುಳಕ್ಕೆ ಉತ್ತರ ಕೊಡಲು ಬೈಗುಳವೊಂದೇ ದಾರಿ. ಅದಕ್ಕೇ ಅದು ಮುಗಿಯುವುದಿಲ್ಲ.

ಊರಿನ ಆಟಕ್ಕೂ ಇದೇ ಅಳತೆ. "ನೀ ಯೋಗ್ಯನೇ ಅಲ್ಲ" ಅಂದರೆ ಅವನು ಏನು ಕಲಿಯಬೇಕು? "ತಮ್ಮಾ, ನೀ ಬೌಂಡರಿ ಲೈನ್ ಬಿಟ್ಟು ಭಾಳ ಮುಂದ ನಿಂತಿದ್ದಿ, ಅದಕ್ಕ ಬಾಲು ತಲಿ ಮ್ಯಾಲೆ ಹೋತು" ಅಂದರೆ ನಾಳೆ ಅವನು ನಾಲ್ಕು ಹೆಜ್ಜೆ ಹಿಂದೆ ನಿಲ್ಲುತ್ತಾನೆ. ಎರಡೂ ಟೀಕೆಯೇ. ಒಂದರಿಂದ ತಂಡಕ್ಕೆ ಲಾಭ.

ನಮ್ಮ ಕುಸ್ತಿ ಕಣ ಇದನ್ನು ಮೊದಲಿನಿಂದ ಕಲಿಸಿದೆ. ಸಿದ್ಧೇಶ್ವರ ಜಾತ್ರೆಯ ಕುಸ್ತಿ ನೋಡಿದವರಿಗೆ ಗೊತ್ತು. ಪೈಲ್ವಾನರು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು, ಕೈ ಕುಲುಕಿ ಪಟ್ಟು ಹಿಡಿಯುತ್ತಾರೆ. ಸುತ್ತ ನಿಂತ ಮಂದಿ ಗಂಟಲು ಹರಿಯುವಂತೆ ಕೂಗುತ್ತಾರೆ. ಚಿತ್ ಆದವನಿಗೆ ಗೆದ್ದವನೇ ಕೈ ಕೊಟ್ಟು ಎಬ್ಬಿಸುತ್ತಾನೆ. ಉಸ್ತಾದ ತನ್ನ ಶಿಷ್ಯನಿಗೆ ಬೈದರೂ ಪಟ್ಟು ಎಲ್ಲಿ ಸಡಿಲಾಯಿತು ಎಂಬುದನ್ನೇ ಬೈಯುತ್ತಾನೆ. ಕಣದಲ್ಲಿ ಇರುವ ಈ ರೀತಿ ಕೈಯಲ್ಲಿರುವ ಮೊಬೈಲಿಗೆ ಬರಬೇಕು.

ಗ್ರೂಪಿನವರು ಮಾಡಬಹುದಾದ ಐದು ಕೆಲಸ

ಒಂದು: ಸೋತ ರಾತ್ರಿ ಗ್ರೂಪಿಗೆ ಬೀಗ. ವಾಟ್ಸಾಪ್ ಗ್ರೂಪಿನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಮಾಡಲು ಬರುತ್ತದೆ. ಫೈನಲ್ ಮುಗಿದ ಕೂಡಲೇ ಸ್ಕೋರ್ ಹಾಕಿ, ಎರಡೂ ತಂಡಕ್ಕೆ ಅಭಿನಂದನೆ ಹೇಳಿ, ಬೆಳಗಿನವರೆಗೆ ಮುಚ್ಚಿ. ಬೆಳಿಗ್ಗೆ ಅರ್ಧ ಸಿಟ್ಟು ಇಳಿದಿರುತ್ತದೆ.

ಎರಡು: ಮೂರು ಗೆರೆ ಎಳೆಯಿರಿ. ಮನೆಯವರ ಮಾತು ಇಲ್ಲ, ಜಾತಿ ಧರ್ಮದ ಮಾತು ಇಲ್ಲ, ಮೈ ಬಣ್ಣ ಬಟ್ಟೆಯ ಮಾತು ಇಲ್ಲ. ಇದನ್ನು ಗ್ರೂಪಿನ ವಿವರದಲ್ಲಿ ಬರೆದಿಡಿ. ದಾಟಿದವರ ಮೆಸೇಜನ್ನು ಅಡ್ಮಿನ್ ಎಲ್ಲರಿಗೂ ಕಾಣದಂತೆ ಅಳಿಸಬಹುದು. ಅಳಿಸಿ, ಅವನಿಗೆ ಫೋನ್ ಮಾಡಿ ಹೇಳಿ. ಎಲ್ಲರ ಎದುರು ಅವನನ್ನೂ ಅವಮಾನ ಮಾಡಬೇಡಿ. ಎರಡನೇ ಸಲ ದಾಟಿದರೆ ಮಾತ್ರ ಹೊರಗೆ. ಅವನು ಸರಪಂಚರ ಮಗನಿದ್ದರೂ ಇದೇ ನಿಯಮ.

ಮೂರು: "ರೊಕ್ಕಾ ತಿಂದಾನ", "ಅಂಪೈರ್ ಮಾರಿಕೊಂಡಾನ" ಎಂಬ ಮಾತಿಗೆ ಪುರಾವೆ ಕೇಳಿ. ನಮ್ಮ ಟೂರ್ನಮೆಂಟುಗಳಲ್ಲಿ ಅಂಪೈರ್ ಅಂದರೆ ಹೆಚ್ಚಾಗಿ ಹಳೆಯ ಆಟಗಾರ ಇಲ್ಲವೇ ಮಾಸ್ತರು. ಬಿಸಿಲಲ್ಲಿ ದಿನವಿಡೀ ನಿಂತು ಒಂದು ಊಟಕ್ಕೆ ಮಾಡುವ ಕೆಲಸ. ಪುರಾವೆ ಇದ್ದರೆ ಕಮಿಟಿಗೆ ಕೊಡಿ. ಇಲ್ಲದಿದ್ದರೆ ಮಾತು ವಾಪಸ್ ತಗೊಳ್ಳಿ.

ನಾಲ್ಕು: ಹುಡುಗಿಯರ ಫೋಟೊ ಹಾಕುವ ಮೊದಲು ಅವರನ್ನು ಕೇಳಿ. ಹಾಕಿದರೆ ಜೊತೆಗೆ ಸಾಧನೆ ಬರೆಯಿರಿ: ಯಾವ ಊರು, ಯಾವ ಪಂದ್ಯ, ಎಷ್ಟು ಪಾಯಿಂಟ್. ಮಾತಾಡಲು ಆಟದ ವಿಷಯ ಕೊಟ್ಟರೆ ಆಟದ ಮಾತು ನಡೆಯುತ್ತದೆ.

ಐದು: ಬೈಗುಳ ಬಿದ್ದಾಗ ಸುಮ್ಮನಿರಬೇಡಿ. 2021ರ ಜುಲೈ 11ರಂದು ಯೂರೋ ಫುಟ್‌ಬಾಲ್ ಫೈನಲ್‌ನಲ್ಲಿ ಇಂಗ್ಲೆಂಡಿನ ಮೂವರು ಕಪ್ಪು ವರ್ಣದ ಆಟಗಾರರು ಪೆನಾಲ್ಟಿ ತಪ್ಪಿಸಿಕೊಂಡರು. ಅವರ ಮೇಲೆ ಬಣ್ಣದ ಬೈಗುಳದ ಮಳೆಯೇ ಸುರಿಯಿತು. ಮ್ಯಾಂಚೆಸ್ಟರಿನ ಗೋಡೆಯ ಮೇಲಿದ್ದ ಮಾರ್ಕಸ್ ರಾಶ್‌ಫರ್ಡ್ ಚಿತ್ರವನ್ನು ಯಾರೋ ಕೆಡಿಸಿದರು. ಮರುದಿನ ಆ ಬಡಾವಣೆಯ ಜನ, ಸಣ್ಣ ಮಕ್ಕಳು ಕೂಡ, ಪ್ರೀತಿಯ ಚೀಟಿಗಳನ್ನು ತಂದು ಅಂಟಿಸಿದರು. ಕೆಡಿಸಿದ ಜಾಗ ಚೀಟಿಗಳಲ್ಲಿ ಮುಚ್ಚಿಹೋಯಿತು. ಹತ್ತು ಜನ ಬೈದ ಗ್ರೂಪಿನಲ್ಲಿ ಇನ್ನೂರು ಜನ ಸುಮ್ಮನಿದ್ದರೆ, ಬೈಸಿಕೊಂಡವನಿಗೆ ಇನ್ನೂರ ಹತ್ತು ಜನ ಬೈದಂತೆಯೇ ಕೇಳುತ್ತದೆ.

ಕಾನೂನು ಇದೆ, ಆದರೆ ಅದು ಕೊನೆಯ ಮೆಟ್ಟಿಲು

2015ರಲ್ಲಿ ಸುಪ್ರೀಂ ಕೋರ್ಟ್ ಐಟಿ ಕಾಯ್ದೆಯ 66ಎ ಕಲಮನ್ನು ರದ್ದು ಮಾಡಿತು. ಹಾಗಂತ ಏನು ಬೇಕಾದರೂ ಬರೆಯಬಹುದು ಎಂದು ತಿಳಿಯಬೇಡಿ. ಜೀವ ಬೆದರಿಕೆ ಹಾಕುವುದು, ಹೆಣ್ಣುಮಕ್ಕಳ ಮಾನಕ್ಕೆ ಧಕ್ಕೆ ತರುವ ಮಾತು ಬರೆಯುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಪರಾಧ. ಜಾತಿ ನಿಂದನೆಗೆ ಬೇರೆ ಕಾಯ್ದೆಯೇ ಇದೆ. ಹಾಗೇನಾದರೂ ಆದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಬಹುದು.

ಸದಸ್ಯನೊಬ್ಬ ಹಾಕಿದ ಮೆಸೇಜಿಗೆ, ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಅಡ್ಮಿನ್ ಹೊಣೆಯಲ್ಲ ಅಂತ 2022ರಲ್ಲಿ ಕೇರಳ ಹೈಕೋರ್ಟ್ ಹೇಳಿದೆ. ಕಾನೂನಿನ ಮಟ್ಟಿಗೆ ಅದು ಸರಿ. ಆದರೆ ಊರಿನ ತಂಡದ ಗ್ರೂಪು ಕಟ್ಟಿದವನು ಊರಿನ ಹುಡುಗರಿಗೆ ಅಣ್ಣನಿದ್ದಂತೆ. ಕೋರ್ಟು ಕೇಳದಿದ್ದರೂ, ಆಟ ಬಿಟ್ಟ ಹುಡುಗನ ತಾಯಿ ನಾಳೆ ಎದುರಿಗೆ ಸಿಕ್ಕು ಕೇಳಬಹುದು.

ಬರೆಯುವ ಮೊದಲು ಒಂದು ಸಣ್ಣ ಪರೀಕ್ಷೆ ಸಾಕು. ಇದೇ ಮಾತನ್ನು ಸ್ಟೇಷನ್ ರಸ್ತೆಯ ಚಹಾದಂಗಡಿಯಲ್ಲಿ, ಅವನ ತಾಯಿ ಪಕ್ಕದಲ್ಲಿ ನಿಂತಿರುವಾಗ, ಗಟ್ಟಿಯಾಗಿ ಹೇಳಲು ಬರುತ್ತದೆಯೇ? ಬರುವುದಾದರೆ ಬರೆಯಿರಿ. ಎಷ್ಟೇ ಖಾರ ಇರಲಿ, ಬರೆಯಿರಿ. ಬರುವುದಿಲ್ಲ ಅನ್ನಿಸಿದರೆ ಮೊಬೈಲು ಜೇಬಿಗೆ ಹಾಕಿ.

ಈ ವಾರವೂ ನಮ್ಮ ಯಾವುದೋ ಊರಿನಲ್ಲಿ ಫೈನಲ್ ಇರುತ್ತದೆ. ಯಾರೋ ಒಬ್ಬ ಕ್ಯಾಚ್ ಬಿಡುತ್ತಾನೆ, ಯಾರೋ ಒಬ್ಬಳು ಕೊನೆಯ ರೇಡ್‌ನಲ್ಲಿ ಸಿಕ್ಕಿಬೀಳುತ್ತಾಳೆ. ಆ ರಾತ್ರಿ ಗ್ರೂಪಿನಲ್ಲಿ ಮೊದಲ ಮೆಸೇಜು ನಿಮ್ಮದಿರಲಿ: "ಚಲೋ ಆಡಿದ್ರಿ. ನಾಳಿ ಸಂಜಿಗೆ ಪ್ರಾಕ್ಟೀಸಿಗೆ ಬರ್ರಿ." ಅದರ ಕೆಳಗೆ ಬೈಗುಳ ಬರೆಯಲು ಎರಡನೆಯವನ ಕೈ ಅಷ್ಟು ಸುಲಭಕ್ಕೆ ಏಳುವುದಿಲ್ಲ.